ಬ್ರೇಕಿನ ರೋಗನಿದಾನ

ಮೋಟಾರು ವಾಹನದ ಒಡೆಯನು ಗ್ಯಾರೇಜಿನ ಬಾಗಿಲಲ್ಲಿ ಗಾಡಿಯನ್ನು ನಿಲ್ಲಿಸಿ ‘ಬ್ರೇಕು ಸರಿಯಾಗಿ ಹಿಡಿಯುತ್ತಿಲ್ಲ’ ಎಂದು ಹೇಳಿದ ಮಾತ್ರಕ್ಕೆ, ಮೆಕ್ಯಾನಿಕನು ಆ ಮಾತಿನ ಒಳಗೇನಿದೆಯೆಂದು ವಿಚಾರಿಸುವ ಗೋಜಿಗೆ ಹೋಗದೆ, ಹುಡುಗನೊಬ್ಬನನ್ನು ಸೀಟಿನಲ್ಲಿ ಕೂರಿಸಿ, ತಾನು ಸ್ಪ್ಯಾನರು ಹಿಡಿದು ಚಕ್ರದ ಮಗ್ಗುಲಲ್ಲಿ ಮಲಗಿ, ‘ಪಂಪ್ ಮಾಡು, ಹಿಡಿದುಕೋ, ಬಿಡು’ ಎಂದು ಏರ್ ತೆಗೆಯುವುದಕ್ಕೆ ತೊಡಗುವುದು ನಮ್ಮ ಊರುಗಳಲ್ಲಿ ನಿತ್ಯವೂ ಕಾಣತಕ್ಕ ದೃಶ್ಯ. ಅದರಿಂದ ಗುಣ ಕಾಣದಿದ್ದರೆ ಮಾಸ್ಟರ್ ಸಿಲಿಂಡರಿಗೆ ಹೊಸ ಕಿಟ್ಟು. ಕಿಟ್ಟಿನಿಂದಲೂ ಆಗದಿದ್ದರೆ ಹೊಸ ಸಿಲಿಂಡರೇ. ಅದಾದ ಮೇಲೆ ಬೂಸ್ಟರು. ಹೀಗೆ ಒಂದರ ಹಿಂದೊಂದು ಬಿಡಿಭಾಗವನ್ನು ಬದಲಿಸುತ್ತ ಹೋದರೆ ರೋಗವಿದ್ದ ಭಾಗವೂ ಒಂದಲ್ಲ ಒಂದು ದಿನ ಬದಲಾಗಿಯೇ ತೀರುವುದೆಂಬುದು ನಿಜವೇ. ಆದರೆ ಆ ದಿನ ಬರುವ ಹೊತ್ತಿಗೆ ಒಡೆಯನ ಹಣವೂ ತಾಳ್ಮೆಯೂ ತೀರಿರುತ್ತವೆ, ಮತ್ತು ಯಾವ ಭಾಗದಿಂದ ಗುಣವಾಯಿತೆಂಬುದು ಮೆಕ್ಯಾನಿಕನಿಗೂ ತಿಳಿದಿರುವುದಿಲ್ಲ.

ಇಷ್ಟೆಲ್ಲ ಅನಾವಶ್ಯಕ. ಏಕೆಂದರೆ ವಾಹನದ ಅಂಗಾಂಗಗಳಲ್ಲಿ ತನ್ನ ಕಾಯಿಲೆಯನ್ನು ಬ್ರೇಕಿನಷ್ಟು ಸ್ಪಷ್ಟವಾಗಿ ಹೇಳಿಕೊಳ್ಳುವ ಅಂಗ ಮತ್ತೊಂದಿಲ್ಲ. ಕಾಲಿನಿಂದ ಚಕ್ರದವರೆಗಿನ ಹಾದಿಯಲ್ಲಿ ಎಲ್ಲಿ ಏನು ಕೆಟ್ಟರೂ ಅದರ ಸುದ್ದಿ ಪೆಡಲಿಗೆ ಬಂದು ಮುಟ್ಟುತ್ತದೆ; ಮುಟ್ಟುವ ರೀತಿ ಮಾತ್ರ ಒಂದೊಂದು ದೋಷಕ್ಕೆ ಒಂದೊಂದು. ಪೆಡಲು ಗಟ್ಟಿಯಾಯಿತೇ, ಮೆತ್ತಗಾಯಿತೇ, ಕಾಲಿಟ್ಟಂತೆಯೇ ಮೆಲ್ಲಗೆ ಕೆಳಗಿಳಿಯಿತೇ, ಅಥವಾ ಪೆಡಲು ಚೆನ್ನಾಗಿಯೇ ಇದ್ದು ಚಕ್ರವು ಬ್ರೇಕನ್ನು ಬಿಡದೆ ಹಿಡಿದುಕೊಂಡಿತೇ ಎಂಬ ಪ್ರಶ್ನೆಗೆ ಉತ್ತರ ದೊರೆಯಿತೆಂದರೆ, ಒಂದು ನಟ್ಟನ್ನೂ ಸಡಿಲಿಸುವುದಕ್ಕೆ ಮುಂಚೆಯೇ ಅರ್ಧ ನಿದಾನವು ಮುಗಿದಂತೆ.

ಈ ಮಾತು ಮನದಟ್ಟಾಗಬೇಕಾದರೆ ಯಂತ್ರದ ವ್ಯವಸ್ಥೆಯನ್ನು ಸ್ವಲ್ಪ ನೋಡಬೇಕು. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಒಂದೆಡೆ ಹೇರಿದ ಒತ್ತಡವು ಕುಂದದೆ ಅದರ ಎಲ್ಲ ಭಾಗಗಳಿಗೂ ಸಮನಾಗಿ ಹರಡುವುದೆಂಬ ತತ್ತ್ವವನ್ನು ಫ್ರಾನ್ಸಿನ ಬ್ಲೇಸ್ ಪಾಸ್ಕಲನು ಹದಿನೇಳನೆಯ ಶತಮಾನದಲ್ಲಿಯೇ ನಿರೂಪಿಸಿದ್ದನು. ಆತನ ಗ್ರಂಥವು ಅಚ್ಚಾದದ್ದು ಆತನು ತೀರಿಕೊಂಡ ಮರುವರ್ಷ, 1663ರಲ್ಲಿ. ಆ ತತ್ತ್ವವು ಮೋಟಾರಿನ ಚಕ್ರವನ್ನು ಮುಟ್ಟುವುದಕ್ಕೆ ಎರಡೂವರೆ ಶತಮಾನ ಹಿಡಿಯಿತು. ಅಲ್ಲಿಯವರೆಗೆ ಸರಳುಗಳೂ ಉಕ್ಕಿನ ಹಗ್ಗಗಳೂ ಬ್ರೇಕನ್ನು ಎಳೆಯುತ್ತಿದ್ದವು; ನಾಲ್ಕು ಚಕ್ರಗಳಿಗೂ ಸಮನಾದ ಎಳೆತ ಸಿಕ್ಕುವಂತೆ ಅವನ್ನು ಹೊಂದಿಸುವುದು ಹರಸಾಹಸವಾಗಿತ್ತು. ಅಮೆರಿಕದ ಮಾಲ್ಕಮ್ ಲಾಕ್‌ಹೀಡನು (ವಿಮಾನ ತಯಾರಿಕೆಯಲ್ಲಿ ಅದೇ ಹೆಸರನ್ನು ಪ್ರಸಿದ್ಧಗೊಳಿಸಿದ ಸೋದರರಲ್ಲಿ ಇವನೂ ಒಬ್ಬ) ಮೊದಲ ಮಹಾಯುದ್ಧದ ಕಾಲದಲ್ಲಿ ರೂಪಿಸಿದ ದ್ರವಬ್ರೇಕು 1921ರ ಡ್ಯೂಸೆನ್‌ಬರ್ಗ್ ಕಾರಿನ ನಾಲ್ಕೂ ಚಕ್ರಗಳಿಗೆ ಬಂದ ಮೇಲೆ, ಒತ್ತಡವನ್ನು ಹಂಚುವ ಕೆಲಸವು ಮೆಕ್ಯಾನಿಕನ ಕೈಯಿಂದ ದ್ರವದ ಸ್ವಭಾವಕ್ಕೆ ವರ್ಗವಾಯಿತು.

ಲೆಕ್ಕವು ಹೀಗಿದೆ. ಚಾಲಕನು ಪೆಡಲಿನ ಮೇಲೆ 20 ಕಿಲೋ ಬಲವನ್ನು ಹಾಕಿದನೆನ್ನೋಣ. ಪೆಡಲು ಸನ್ನೆಗೋಲಿನ ರೀತಿಯಲ್ಲಿ ಅದನ್ನು ಐದು ಪಟ್ಟು ಹೆಚ್ಚಿಸಿದರೆ 100 ಕಿಲೋ ಆಯಿತು. 20 ಮಿಲಿಮೀಟರ್ ವ್ಯಾಸದ ಮಾಸ್ಟರ್ ಸಿಲಿಂಡರಿನೊಳಗೆ ಅಷ್ಟು ಬಲದಿಂದ ಹುಟ್ಟುವ ಒತ್ತಡವು ಚದರ ಸೆಂಟಿಮೀಟರಿಗೆ ಸುಮಾರು 32 ಕಿಲೋ. ವೇಗವಾಗಿ ಓಡುವ, ಡಿಸ್ಕ್ ಬ್ರೇಕುಳ್ಳ, ಒಂದೂವರೆ ಟನ್ನಿನ ವಾಹನವನ್ನು ಗಕ್ಕನೆ ನಿಲ್ಲಿಸುವುದಕ್ಕೆ ಇದು ಸಾಲದು. ಆದಕಾರಣ ಪೆಡಲಿಗೂ ಮಾಸ್ಟರ್ ಸಿಲಿಂಡರಿಗೂ ನಡುವೆ ಬೂಸ್ಟರು ನಿಂತು ಇನ್ನೊಂದು 200 ಕಿಲೋ ಬಲವನ್ನು ಕೂಡಿಸಿದರೆ, ಅದೇ ಒತ್ತಡವು 95 ಕಿಲೋಗೆ ಏರುತ್ತದೆ. ಚಕ್ರದ ಬಳಿಯ 50 ಮಿಲಿಮೀಟರ್ ವ್ಯಾಸದ ಪಿಸ್ಟನ್ನು ಆ ಒತ್ತಡವನ್ನು ಸ್ವೀಕರಿಸಿ, ಹದಿನೆಂಟು ನೂರು ಕಿಲೋಗೂ ಮಿಕ್ಕ ಬಲದಿಂದ ಪ್ಯಾಡನ್ನು ಡಿಸ್ಕಿಗೆ ಅದುಮುತ್ತದೆ. ಪವರ್ ಬ್ರೇಕೆಂಬುದರ ಪವರ್ ಇಷ್ಟೇ: ಅದು ಕಾಲಿನ ಬಲವನ್ನು ಹೆಚ್ಚಿಸುತ್ತದೆಯಲ್ಲದೆ, ಕಾಲಿನ ಕೆಲಸವನ್ನು ತಾನೇ ವಹಿಸಿಕೊಳ್ಳುವುದಿಲ್ಲ.

ಈ ಹೆಚ್ಚಿನ ಬಲವು ಎಲ್ಲಿಂದ ಬರುತ್ತದೆಂಬುದು ಸ್ವಾರಸ್ಯವಾದ ಸಂಗತಿ. ಬೂಸ್ಟರು ಎಂದರೆ ತಗಡಿನ ಒಂದು ದುಂಡು ಡಬ್ಬಿ; ಒಳಗೆ ಅಡ್ಡಲಾಗಿ ರಬ್ಬರಿನ ಪೊರೆ. ಪೆಟ್ರೋಲ್ ಎಂಜಿನ್ ಉಸಿರೆಳೆಯುವಾಗ ಅದರ ಮ್ಯಾನಿಫೋಲ್ಡಿನಲ್ಲಿ ಉಂಟಾಗುವ ನಿರ್ವಾತವನ್ನು ಒಂದು ಕೊಳವೆಯ ಮೂಲಕ ಈ ಡಬ್ಬಿಗೆ ತಂದಿರುತ್ತಾರೆ. ಪೆಡಲನ್ನು ಮೆಟ್ಟದಿರುವಾಗ ಪೊರೆಯ ಎರಡು ಕಡೆಯೂ ನಿರ್ವಾತವೇ. ಮೆಟ್ಟಿದೊಡನೆ ಒಂದು ಕವಾಟ ತೆರೆದು, ಚಾಲಕನ ಕಡೆಯ ಅರೆಗೆ ಹೊರಗಿನ ಗಾಳಿ ನುಗ್ಗಿ, ಪೊರೆಯನ್ನು ಮುಂದಕ್ಕೆ ನೂಕುತ್ತದೆ. 25 ಸೆಂಟಿಮೀಟರ್ ವ್ಯಾಸದ ಪೊರೆಯ ಮೇಲೆ ಹೀಗೆ 300 ಕಿಲೋ ಮೀರಿದ ಬಲವೂ ಬೀಳಬಲ್ಲದು. 1920ರ ದಶಕದಲ್ಲಿ ಬೆಲ್ಜಿಯಮಿನ ಆಲ್ಬರ್ಟ್ ದೆವಾಂದ್ರನು ಇಂಥ ಏರ್ಪಾಡನ್ನು ರೂಢಿಗೆ ತಂದನು. ನೂಕುವುದು ವಾಯುಮಂಡಲವಾದ್ದರಿಂದ ಊರಿನ ಎತ್ತರವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ಗಾಳಿಯ ಒತ್ತಡವು ಮಂಗಳೂರಿನದಕ್ಕಿಂತ ಸುಮಾರು ಹತ್ತನೆಯ ಒಂದು ಪಾಲು ಕಡಿಮೆ. ಎಂಜಿನ್ ನಿಂತಲ್ಲೇ ಓಡುತ್ತಿರುವಾಗ ನಿರ್ವಾತವು ಪಾದರಸದ 430ರಿಂದ 530 ಮಿಲಿಮೀಟರ್ ಇರಬೇಕೆಂದು ಸಮುದ್ರಮಟ್ಟಕ್ಕೆ ಅನ್ವಯಿಸಿ ಹೇಳುವ ಕೈಪಿಡಿಯನ್ನು ಮುಂದಿಟ್ಟುಕೊಂಡು, ಬೆಂಗಳೂರಿನಲ್ಲಿ ಗೇಜು ತೋರಿಸುವ ಅಂಕಿಯು 75ರಷ್ಟು ಕೆಳಗಿದೆಯೆಂದು ಗಾಬರಿಪಟ್ಟು, ಆರೋಗ್ಯವಾಗಿರುವ ಎಂಜಿನನ್ನು ಬಿಚ್ಚಿಸತಕ್ಕ ಕಾರಣವಿಲ್ಲ.

ಇಷ್ಟು ತಿಳಿದವನಿಗೆ ನಿದಾನದ ಮೊದಲ ಸೂತ್ರವು ತಾನಾಗಿ ಹೊಳೆಯುತ್ತದೆ: ಬೂಸ್ಟರು ಕೆಟ್ಟರೆ ಪೆಡಲು ಗಟ್ಟಿಯಾಗುವುದೇ ಹೊರತು ಮೆತ್ತಗಾಗಲಾರದು. ಕೂಡುವ ಬಲವು ಇಲ್ಲವಾದಾಗ ಅಷ್ಟೇ ಒತ್ತಡಕ್ಕೆ ಕಾಲು ಮೂರು ಪಟ್ಟು ದುಡಿಯಬೇಕಾಗುತ್ತದೆ; ದ್ರವದ ವ್ಯೂಹಕ್ಕೆ ಮಾತ್ರ ಯಾವ ಊನವೂ ಬಂದಿರುವುದಿಲ್ಲ. (ಹೊಸದಾಗಿ ಜೋಡಿಸಿದ ಬೂಸ್ಟರಿನ ತಳ್ಳುಸರಳು ಗಿಡ್ಡವಾಗಿದ್ದರೆ ಪೆಡಲಿನ ಆರಂಭದ ಓಟ ಹೆಚ್ಚುವುದೊಂದು ಅಪವಾದ, ಅದು ರೋಗವಲ್ಲ, ಜೋಡಿಸಿದವನ ಅಲಕ್ಷ್ಯ.) ಆದ್ದರಿಂದ ಪೆಡಲು ಮೆತ್ತಗಾಗಿದೆಯೆಂದು ಬಂದವನಿಗೆ ಬೂಸ್ಟರನ್ನು ಬದಲಿಸಿಕೊಡುವ ಗ್ಯಾರೇಜು ವ್ಯಾಪಾರವನ್ನು ಮಾಡುತ್ತಿದೆಯೇ ವಿನಾ ದುರಸ್ತಿಯನ್ನಲ್ಲ.

ಗಟ್ಟಿ ಪೆಡಲಿನ ಪರೀಕ್ಷೆಗೆ ಉಪಕರಣವೇನೂ ಬೇಡ. ಯಾರಾದರೂ ತಮ್ಮ ಮನೆಯ ಮುಂದೆಯೇ ಮಾಡಬಹುದು. ಎಂಜಿನ್ ಆರಿಸಿ, ಪೆಡಲನ್ನು ನಾಲ್ಕೈದು ಸಲ ಮೆಟ್ಟಿ ಬೂಸ್ಟರಿನಲ್ಲಿ ಉಳಿದಿರುವ ನಿರ್ವಾತವನ್ನೆಲ್ಲ ಖರ್ಚು ಮಾಡಬೇಕು. ಪೆಡಲು ಈಗ ಗಟ್ಟಿಯಾಗಿರುತ್ತದೆ. ಕಾಲನ್ನು ತೆಗೆಯದೆ, ಹದವಾಗಿ ಒತ್ತಿ ಹಿಡಿದಿದ್ದು, ಎಂಜಿನನ್ನು ಚಾಲೂ ಮಾಡಿದರೆ, ಕಾಲಿನಡಿಯಲ್ಲಿ ಪೆಡಲು ಒಂದಿಷ್ಟು ಕೆಳಗೆ ಸರಿಯಬೇಕು. ಸರಿಯಿತೋ, ಬೂಸ್ಟರಿಗೆ ಜೀವವಿದೆ. ಕಲ್ಲಿನಂತೆ ಹಾಗೆಯೇ ನಿಂತಿತೋ, ನಿರ್ವಾತವು ಬರುತ್ತಿಲ್ಲ ಅಥವಾ ಬಂದರೂ ಕೆಲಸ ಮಾಡುತ್ತಿಲ್ಲ. ಎರಡನೆಯದಾಗಿ, ಎಂಜಿನನ್ನು ಒಂದೆರಡು ನಿಮಿಷ ಓಡಿಸಿ, ಆರಿಸಿ, ತುಸು ಹೊತ್ತು ಬಿಟ್ಟು ಪೆಡಲನ್ನು ಮೆಟ್ಟಬೇಕು; ಮೊದಲ ಸಲ ಆಳಕ್ಕೆ ಹೋಗಿ, ಎರಡನೆಯ ಮೂರನೆಯ ಸಲಕ್ಕೆ ಕ್ರಮವಾಗಿ ಮೇಲೆ ಉಳಿದರೆ ಡಬ್ಬಿಯು ಗಾಳಿಬಿಗಿಯಾಗಿದೆ. ಮೊದಲನೆಯ ಸಲವೇ ಗಟ್ಟಿಯಾಗಿದ್ದರೆ ಚೆಕ್ ವಾಲ್ವು, ಕೊಳವೆ, ಪೊರೆ ಈ ಮೂರರಲ್ಲಿ ಒಂದು ಸೋರುತ್ತಿದೆ. ಮೂರನೆಯದು, ಎಂಜಿನ್ ಓಡುತ್ತಿರುವಾಗಲೇ ಪೆಡಲನ್ನು ಮೆಟ್ಟಿ ಹಿಡಿದು, ಹಾಗೆಯೇ ಎಂಜಿನನ್ನು ಆರಿಸಿ, ಅರ್ಧ ನಿಮಿಷ ಕಾಯುವುದು. ಪೆಡಲು ಕದಲಬಾರದು, ಕಾಲನ್ನು ಮೇಲಕ್ಕೆತ್ತುತ್ತ ಬಂದರೆ ಬೂಸ್ಟರಿನೊಳಗೆ ಸೋರಿಕೆಯಿದೆ. ಪೆಡಲನ್ನು ಒತ್ತಿ ಹಿಡಿದಾಗ ಕಾಲಬುಡದಲ್ಲಿ ‘ಸ್ಸ್’ ಎಂಬ ಸದ್ದು ಬಿಡದೆ ಕೇಳಿಸಿ, ಜತೆಯಲ್ಲೇ ಎಂಜಿನಿನ ಓಟವೂ ತೊದಲಿದರೆ, ಪೊರೆ ಹರಿದಿದೆಯೆಂದು ಬಹುಮಟ್ಟಿಗೆ ನಿರ್ಧರಿಸಬಹುದು.

ಡೀಸೆಲ್ ವಾಹನಗಳದು ಬೇರೆಯೇ ಕಥೆ. ಡೀಸೆಲ್ ಎಂಜಿನ್ನು ಪೆಟ್ರೋಲಿನದರಂತೆ ಗಾಳಿಯನ್ನು ತಡೆತಡೆದು ಸೇದುವುದಿಲ್ಲವಾದ್ದರಿಂದ ಅದರ ಮ್ಯಾನಿಫೋಲ್ಡಿನಲ್ಲಿ ನಂಬತಕ್ಕ ನಿರ್ವಾತವಿಲ್ಲ; ಅದಕ್ಕಾಗಿ ಪ್ರತ್ಯೇಕವಾದ ವ್ಯಾಕ್ಯೂಮ್ ಪಂಪನ್ನು ಇಡುತ್ತಾರೆ. ನಮ್ಮ ಹಳ್ಳಿಗಾಡಿನಲ್ಲಿ ಓಡಾಡುವ ಅನೇಕ ಡೀಸೆಲ್ ಜೀಪುಗಳಲ್ಲಿಯೂ ವ್ಯಾನುಗಳಲ್ಲಿಯೂ ಈ ಪಂಪು ಆಲ್ಟರ್ನೇಟರಿನ ಬೆನ್ನಿಗೇ ಅಂಟಿಕೊಂಡು, ಅದರ ದಂಡದ ಮೇಲೆಯೇ ತಿರುಗುತ್ತದೆ. ಇದರ ಫಲಿತಾಂಶವನ್ನು ಬಹಳ ಮಂದಿ ಯೋಚಿಸಿರಲಾರರು: ಫ್ಯಾನ್ ಬೆಲ್ಟ್ ಕಡಿದಾಗ ಬ್ಯಾಟರಿಯ ಕೆಂಪು ದೀಪ ಹೊತ್ತಿತೆಂದರೆ, ಅದು ಬ್ರೇಕಿನ ಸಹಾಯವೂ ತೀರಿತೆಂಬ ಸೂಚನೆ. ಬೂಸ್ಟರಿನಲ್ಲಿ ಉಳಿದ ನಿರ್ವಾತವು ಎರಡು ಮೂರು ಸಲದ ಬ್ರೇಕಿಗೆ ಒದಗಿ, ಆಮೇಲೆ ಬರಿಯ ಕಾಲಬಲವೇ ಗತಿ. ‘ಬ್ಯಾಟರಿ ಲೈಟು ತಾನೆ, ಊರು ಮುಟ್ಟಿದ ಮೇಲೆ ನೋಡೋಣ’ ಎಂದು ಇಳಿಜಾರಿನಲ್ಲಿ ಮುಂದುವರಿಯುವವನು ತಾನೇನು ಮಾಡುತ್ತಿದ್ದೇನೆಂಬುದನ್ನು ಅರಿಯನು. ಪಂಪಿಗೆ ಎಂಜಿನಿನ ಎಣ್ಣೆಯೇ ಆಹಾರವಾದ್ದರಿಂದ, ಎಣ್ಣೆ ಬರುವ ಸಣ್ಣ ಕೊಳವೆ ಕಟ್ಟಿಕೊಂಡರೂ ಪಂಪಿನ ಅಲಗುಗಳು ಸವೆದು, ಬೆಳಗ್ಗೆ ಸರಿಯಾಗಿರುವ ಪೆಡಲು ಎಂಜಿನ್ ಬಿಸಿಯಾದಂತೆಲ್ಲ ಗಟ್ಟಿಯಾಗುತ್ತ ಹೋಗುವುದುಂಟು.

ಬೂಸ್ಟರಿನ ಪರೀಕ್ಷೆಗಳೆಲ್ಲ ತೇರ್ಗಡೆಯಾಗಿಯೂ ಪೆಡಲು ಗಟ್ಟಿಯಾಗಿ, ವಾಹನ ಮಾತ್ರ ನಿಲ್ಲದಿದ್ದರೆ, ದೋಷವು ಹಾದಿಯ ಇನ್ನೊಂದು ತುದಿಯಲ್ಲಿದೆ: ಹೊಳಪೇರಿ ಗಾಜಿನಂತಾದ ಪ್ಯಾಡು, ತುಕ್ಕು ಹಿಡಿದು ಸಿಕ್ಕಿಕೊಂಡ ಪಿಸ್ಟನ್ನು, ಎಣ್ಣೆ ಕುಡಿದ ಲೈನರು. ಇವಕ್ಕೆ ಚಕ್ರ ಬಿಚ್ಚಿ ಕಣ್ಣಿನಿಂದ ನೋಡುವುದೊಂದೇ ಪರೀಕ್ಷೆ.

ಮೆತ್ತಗಿನ ಪೆಡಲಿಗೆ ಬರೋಣ. ದ್ರವವು ಕುಗ್ಗದು, ಗಾಳಿಯು ಕುಗ್ಗುವುದು. ಕೊಳವೆಯೊಳಗೆ ಗಾಳಿ ಸೇರಿದ್ದರೆ ಪೆಡಲು ಪುಟಿಯುತ್ತದೆ. ಆದರೆ ಕೆಳಗೆ ಹೋಗುವ ಪೆಡಲೆಲ್ಲ ಗಾಳಿಯದಲ್ಲ. ಬೇಗ ಬೇಗ ಎರಡು ಮೂರು ಸಲ ಪಂಪ್ ಮಾಡಿದಾಗ ಪೆಡಲು ಮೇಲೆ ಬಂದು, ಬಂದ ಮೇಲೆ ಗಟ್ಟಿಯಾಗಿಯೇ ನಿಂತರೆ, ಅದು ಹಿಂದಿನ ಡ್ರಮ್ಮುಗಳಲ್ಲಿ ಶೂಗಳು ಸವೆದು ಅಂತರ ಹೆಚ್ಚಿರುವುದರ ಲಕ್ಷಣ. ಶೂಗಳನ್ನು ಹತ್ತಿರಕ್ಕೆ ಹೊಂದಿಸಿದರೆ ಕೆಲಸ ಮುಗಿಯಿತು. ಮೇಲೆ ಬಂದರೂ ಪುಟಿಯುವ ಗುಣ ಹೋಗದಿದ್ದರೆ ಗಾಳಿ. ಈ ಒಂದು ಭೇದವನ್ನು ತಿಳಿಯದೆ, ಶೂ ಹೊಂದಿಸಬೇಕಾದ ಗಾಡಿಗೆ ಲೀಟರುಗಟ್ಟಲೆ ಬ್ರೇಕ್ ಆಯಿಲನ್ನು ಸುರಿದು ಸುರಿದು ಏರ್ ತೆಗೆದವರುಂಟು. ಅಂಥ ಅನಾವಶ್ಯಕ ಉಪಚಾರವು ನಿರಪಾಯಕರವೂ ಅಲ್ಲ. ಹಳೆಯ ಗಾಡಿಯ ಮಾಸ್ಟರ್ ಸಿಲಿಂಡರಿನಲ್ಲಿ ರಬ್ಬರ್ ಕಪ್ಪುಗಳು ವರ್ಷಗಟ್ಟಲೆ ಓಡಾಡಿದ ಭಾಗ ನುಣುಪಾಗಿದ್ದು, ಎಂದೂ ಮುಟ್ಟದ ಮುಂದಿನ ಭಾಗದಲ್ಲಿ ತುಕ್ಕೂ ಕಿಟ್ಟವೂ ಕೂತಿರುತ್ತವೆ. ಏರ್ ತೆಗೆಯುವ ನೆಪದಲ್ಲಿ ಪೆಡಲನ್ನು ನೆಲಮುಟ್ಟ ಮೆಟ್ಟಿದಾಗ ಕಪ್ಪು ಆ ತುಕ್ಕಿನ ಮೇಲೆ ಉಜ್ಜಿ ಹರಿಯುತ್ತದೆ. ಗಾಳಿಗೆಂದು ಬಂದ ಗಾಡಿ ಸಿಲಿಂಡರಿನ ರೋಗವನ್ನು ಅಂಟಿಸಿಕೊಂಡು ಹೋಗುತ್ತದೆ. ಅನುಭವಸ್ಥರು ಪೆಡಲಿನ ಕೆಳಗೆ ಮರದ ತುಂಡೊಂದನ್ನು ಇಟ್ಟು ಏರ್ ತೆಗೆಯುವುದು ಇದಕ್ಕಾಗಿಯೇ.

ಇನ್ನು ಸಿಗ್ನಲ್ಲಿನಲ್ಲಿ ನಿಂತು ಪೆಡಲಿನ ಮೇಲೆ ಕಾಲಿಟ್ಟಿರುವಾಗ ಅದು ಸದ್ದಿಲ್ಲದೆ ಕೆಳಕ್ಕೆ ಇಳಿಯುವುದು. ಹೊರಗೆಲ್ಲಿಯೂ ಒಂದು ಹನಿ ಎಣ್ಣೆಯಿಲ್ಲ, ಬ್ರೇಕ್ ಆಯಿಲಿನ ಡಬ್ಬಿಯಲ್ಲಿ ಮಟ್ಟ ಕಡಿಮೆಯಾಗಿಲ್ಲ. ಇದು ಮಾಸ್ಟರ್ ಸಿಲಿಂಡರಿನ ಕಪ್ಪು ಸವೆದು, ದ್ರವವು ಅದರ ಅಂಚಿನಿಂದ ಹಿಂದಕ್ಕೆ ನುಸುಳುತ್ತಿರುವುದರ ಚಿಹ್ನೆ. ಇದರಲ್ಲೊಂದು ವೈಚಿತ್ರ್ಯವಿದೆ: ಜೋರಾಗಿ ಮೆಟ್ಟಿದರೆ ಒತ್ತಡವೇ ಕಪ್ಪಿನ ತುಟಿಯನ್ನು ಸಿಲಿಂಡರಿನ ಗೋಡೆಗೆ ಅದುಮಿ ಸೋರಿಕೆಯನ್ನು ಮುಚ್ಚಿಬಿಡುವುದರಿಂದ, ಪರೀಕ್ಷಿಸುವವನು ಬಲಪ್ರಯೋಗ ಮಾಡಿದಷ್ಟೂ ರೋಗವು ಅಡಗಿಕೊಳ್ಳುತ್ತದೆ. ಹಗುರವಾಗಿ, ಒಂದೇ ಹದದಲ್ಲಿ, ಒಂದು ನಿಮಿಷ ಒತ್ತಿ ಹಿಡಿದಾಗಲೇ ಅದು ಹೊರಬೀಳುವುದು. ಅವಸರದ ಮೆಕ್ಯಾನಿಕನು ಎರಡು ಸಲ ಗುದ್ದಿದಂತೆ ಮೆಟ್ಟಿ ‘ಪೆಡಲು ಚೆನ್ನಾಗಿದೆಯಲ್ಲ’ ಎನ್ನುವುದೂ, ಒಡೆಯನು ಪೆಚ್ಚಾಗಿ ಮನೆಗೆ ಹೋಗುವುದೂ ಹೀಗೆಯೇ.

ದೋಷವು ಮಾಸ್ಟರ್ ಸಿಲಿಂಡರಿನದೋ ಮುಂದಿನ ಕೊಳವೆಗಳದೋ ಎಂಬ ಸಂಶಯವನ್ನು ಹರಿಸುವುದಕ್ಕೆ ಅತ್ಯಂತ ಸೊಗಸಾದ ಉಪಾಯವೊಂದುಂಟು. ಅದನ್ನು ಮಾಡುವವರು ವಿರಳ. ಸಿಲಿಂಡರಿನಿಂದ ಹೊರಡುವ ಕೊಳವೆಗಳನ್ನು ಬಿಚ್ಚಿ, ಆ ತೂತುಗಳಿಗೆ ಬಿರಡೆ ತಿರುಪುಗಳನ್ನು ಬಿಗಿದು, ಪೆಡಲನ್ನು ಮೆಟ್ಟುವುದು. ದ್ರವಕ್ಕೆ ಹೋಗಲು ಎಡೆಯೇ ಇಲ್ಲವಾದ್ದರಿಂದ ಪೆಡಲು ಬಂಡೆಯಂತೆ ನಿಲ್ಲಬೇಕು. ಆಗಲೂ ಇಳಿದರೆ ಸಿಲಿಂಡರು ಅಪರಾಧಿ. ನಿಂತರೆ ಸಿಲಿಂಡರು ನಿರ್ದೋಷಿ. ಕೊಳವೆಗಳನ್ನು ಮತ್ತೆ ಜೋಡಿಸಿ, ಗಾಳಿ ತೆಗೆದು, ನಾಲ್ಕು ಚಕ್ರಗಳ ರಬ್ಬರ್ ಹೋಸುಗಳಿಗೂ ನುಣುಪಾದ ದವಡೆಯ ಕ್ಲ್ಯಾಂಪುಗಳನ್ನು ಹಾಕಿ, ಒಂದೊಂದನ್ನೇ ಬಿಡುತ್ತ ಬಂದರೆ, ಯಾವ ಹೋಸನ್ನು ಬಿಟ್ಟಾಗ ಪೆಡಲು ಮೆತ್ತಗಾಯಿತೋ ಆ ಚಕ್ರದಲ್ಲಿ ಕಾಯಿಲೆಯಿದೆ. ಇಕ್ಕಳದಿಂದ ಕಚ್ಚಿಸುವುದು ಮಾತ್ರ ಸಲ್ಲದು. ಹೋಸಿನ ಒಳಪದರ ಸೀಳಿ, ನಾವು ಮುಂದೆ ಹೇಳಲಿರುವ ಇನ್ನೊಂದು ರೋಗಕ್ಕೆ ಅದೇ ಬೀಜವಾಗುತ್ತದೆ.

ದ್ರವವು ಡಬ್ಬಿಯಲ್ಲಿ ಕಡಿಮೆಯಾಗುತ್ತಿದ್ದರೆ ಅದು ಎಲ್ಲಿಗೋ ಹೋಗುತ್ತಿರಲೇಬೇಕು. ಡಿಸ್ಕ್ ಪ್ಯಾಡು ಸವೆದಂತೆ ಪಿಸ್ಟನ್ನು ಮುಂದೆ ಬಂದು, ಅದರ ಹಿಂದಿನ ಜಾಗವನ್ನು ತುಂಬುವುದಕ್ಕೆ ದ್ರವವು ಹೋಗುವುದು ಸಹಜ. ಇದನ್ನರಿಯದೆ ಮಟ್ಟ ಇಳಿದಾಗಲೆಲ್ಲ ಎಣ್ಣೆ ತುಂಬುತ್ತ ಬಂದವನು, ಹೊಸ ಪ್ಯಾಡು ಹಾಕಿದ ದಿನ ಅದು ಉಕ್ಕಿ ಬಣ್ಣವನ್ನು ಕಿತ್ತುಹಾಕುವುದನ್ನು ಕಾಣುತ್ತಾನೆ. ಇದಲ್ಲದೆ ಸೋರಿಕೆಯೇ ಆದರೆ ಚಕ್ರದ ಒಳಮೈ ಒದ್ದೆಯಾಗಿರುತ್ತದೆ. ಎಲ್ಲಿಯೂ ಒದ್ದೆಯಿಲ್ಲದೆ ಎಣ್ಣೆ ಮಾಯವಾಗುತ್ತಿದ್ದು, ಸೈಲೆನ್ಸರಿನಿಂದ ಆಗಾಗ್ಗೆ ಬಿಳಿಯ ಹೊಗೆ ಬರುತ್ತಿದ್ದರೆ, ಮಾಸ್ಟರ್ ಸಿಲಿಂಡರಿನ ಹಿಂಬದಿಯ ಸೀಲು ಸೋರಿ, ದ್ರವವು ಬೂಸ್ಟರಿನೊಳಕ್ಕೆ ಇಳಿದು, ಅಲ್ಲಿಂದ ನಿರ್ವಾತದ ಕೊಳವೆಯ ಮೂಲಕ ಎಂಜಿನಿನ ಹೊಟ್ಟೆ ಸೇರಿ ಸುಡುತ್ತಿದೆಯೆಂದು ತಿಳಿಯಬೇಕು. ಸಿಲಿಂಡರಿನ ಎರಡು ನಟ್ಟು ಸಡಿಲಿಸಿ ಮುಂದಕ್ಕೆ ಜರುಗಿಸಿ, ಬೂಸ್ಟರಿನ ಬಾಯಲ್ಲಿ ಬೆರಳಾಡಿಸಿದರೆ ತೇವ ಹತ್ತುತ್ತದೆ. ಒಂದು ಕೊಳವೆ ಪೂರ್ತಿ ಒಡೆದರೂ ಎರಡು ಚಕ್ರಗಳಾದರೂ ಹಿಡಿಯಲೆಂದು ಸಿಲಿಂಡರನ್ನು ಎರಡು ಕೋಣೆಗಳಾಗಿ ವಿಭಾಗಿಸುವ ಪದ್ಧತಿ ಅಮೆರಿಕದಲ್ಲಿ 1968ರಿಂದ ಕಡ್ಡಾಯವಾಗಿ, ಈಗ ಎಲ್ಲೆಡೆಯೂ ರೂಢಿಯಾಗಿರುವುದು ನಮ್ಮ ಭಾಗ್ಯ.

ಬ್ರೇಕು ಬಿಡದೆ ಹಿಡಿದುಕೊಳ್ಳುವ ರೋಗಕ್ಕೆ ಗ್ಯಾರೇಜಿನವರು ‘ಜಾಮ್’ ಎನ್ನುತ್ತಾರೆ. ಹತ್ತು ಮೈಲು ಓಡಿದ ಮೇಲೆ ಒಂದು ಚಕ್ರದ ಬಳಿ ಸುಟ್ಟ ವಾಸನೆ, ಡಿಸ್ಕು ಮುಟ್ಟಲಾಗದಷ್ಟು ಬಿಸಿ, ಮೈಲೇಜಿನಲ್ಲಿ ಇಳಿತ. ನಮ್ಮ ಪ್ರಾಚೀನ ವೈದ್ಯಶಾಸ್ತ್ರದಲ್ಲಿ ರೋಗವನ್ನರಿಯುವ ಐದು ಸಾಧನಗಳಲ್ಲಿ ಉಪಶಯವೆಂಬುದೂ ಒಂದು: ಬೇರೆ ಲಕ್ಷಣಗಳಿಂದ ನಿರ್ಧಾರವಾಗದ ರೋಗವನ್ನು, ಯಾವ ಉಪಚಾರದಿಂದ ಶಮನವಾಗುವುದೆಂಬುದರಿಂದ ಗುರುತಿಸುವುದು. ಜಾಮ್ ಆದ ಬ್ರೇಕಿಗೆ ಇದಕ್ಕಿಂತ ಯುಕ್ತವಾದ ಮಾರ್ಗವಿಲ್ಲ. ಚಕ್ರವನ್ನು ಜಾಕಿನ ಮೇಲೆತ್ತಿ, ಕೈಯಲ್ಲಿ ತಿರುಗಿಸಿ, ಅದು ಬಿಗಿಯಾಗಿರುವುದನ್ನು ಕಂಡುಕೊಂಡು, ಆ ಚಕ್ರದ ಬ್ಲೀಡರ್ ತಿರುಪನ್ನು ಸಡಿಲಿಸಬೇಕು. ಎಣ್ಣೆ ಚಿಮ್ಮಿ ಚಕ್ರವು ಹಗುರಾಯಿತೆಂದರೆ, ಅಲ್ಲಿ ಒತ್ತಡವು ಸೆರೆಸಿಕ್ಕಿತ್ತು. ಚಿಮ್ಮದೆ, ಚಕ್ರವೂ ಹಗುರಾಗದೆ ಉಳಿದರೆ ದ್ರವಕ್ಕೆ ಸಂಬಂಧವಿಲ್ಲ. ಪಿಸ್ಟನ್ನೋ ಕ್ಯಾಲಿಪರಿನ ಜಾರುವ ಪಿನ್ನೋ ತುಕ್ಕಿಗೆ ಸಿಕ್ಕಿದೆ. ಒತ್ತಡವು ಸೆರೆಸಿಕ್ಕಿದ್ದೇ ನಿಜವಾದರೆ, ಒಂದೇ ಚಕ್ರದಲ್ಲಿ ಹೀಗಾದಾಗ ಅದರ ರಬ್ಬರ್ ಹೋಸನ್ನು ಸಂಶಯಿಸಬೇಕು. ಹೊರಗಿನಿಂದ ಹೊಸದರಂತೆ ಕಾಣುವ ಹೋಸಿನ ಒಳಪದರ ಊದಿ ಸುಲಿದು ಬಾಗಿಲಿನಂತೆ ವರ್ತಿಸುತ್ತದೆ: ಕಾಲಿನ ಬಲವಿರುವಾಗ ದ್ರವವನ್ನು ಒಳಕ್ಕೆ ಬಿಡುವುದು, ಕಾಲು ತೆಗೆದ ಮೇಲೆ ಹೊರಕ್ಕೆ ಬಿಡದು.

ನಾಲ್ಕೂ ಚಕ್ರಗಳು ಹಿಡಿದುಕೊಂಡಿದ್ದರೆ ಕಾರಣವು ಮೂಲದಲ್ಲಿದೆ. ಮಾಸ್ಟರ್ ಸಿಲಿಂಡರನ್ನು ಬೂಸ್ಟರಿಗೆ ಬಿಗಿದಿರುವ ನಟ್ಟುಗಳನ್ನು ಸಡಿಲಿಸಿ ಸ್ವಲ್ಪ ಮುಂದಕ್ಕೆ ಎಳೆದಾಗ ಚಕ್ರಗಳು ಬಿಟ್ಟರೆ, ತಳ್ಳುಸರಳು ಉದ್ದವಾಗಿದ್ದು ಪಿಸ್ಟನ್ನನ್ನು ಪೂರ್ತಿ ಹಿಂದಕ್ಕೆ ಬರಗೊಡುತ್ತಿಲ್ಲ. ಹಾಗೆ ಮಾಡಿಯೂ ಬಿಡದೆ, ಕೊಳವೆಯ ನಟ್ಟು ಸಡಿಲಿಸಿದಾಗ ಮಾತ್ರ ಬಿಟ್ಟರೆ, ದ್ರವವು ಡಬ್ಬಿಗೆ ಹಿಂದಿರುಗುವ ಸೂಜಿಮೊನೆಯಷ್ಟು ಸಣ್ಣ ರಂಧ್ರವು ಮುಚ್ಚಿಹೋಗಿದೆ. ಹಳೆಯ ಮಾದರಿಯ ಗಾಡಿಗಳಲ್ಲಿ ಇದನ್ನು ಕಣ್ಣಾರೆ ಕಾಣಬಹುದು: ಡಬ್ಬಿಯ ಮುಚ್ಚಳ ತೆಗೆದು ಒಳಗೆ ನೋಡುತ್ತಿರುವಾಗ ಇನ್ನೊಬ್ಬನು ಪೆಡಲನ್ನು ಬಹು ಮೃದುವಾಗಿ ಮೆಟ್ಟಿದರೆ, ರಂಧ್ರವು ತೆರೆದಿದ್ದಲ್ಲಿ ಎಣ್ಣೆಯ ತಳದಿಂದ ಪುಟ್ಟದೊಂದು ಬುಗ್ಗೆ ಎದ್ದು ಮೇಲ್ಮೈ ಕಲಕುತ್ತದೆ. ಬುಗ್ಗೆಯಿಲ್ಲದಿದ್ದರೆ ದಾರಿ ಕಟ್ಟಿದೆ.

ದಾರಿಯನ್ನು ಕಟ್ಟುವುದು ಬಹುವೇಳೆ ಊದಿಕೊಂಡ ಕಪ್ಪು; ಕಪ್ಪು ಊದುವುದಕ್ಕೆ ಕಾರಣ ಬೇರೆ ಎಣ್ಣೆಯ ಸಂಪರ್ಕ. ದ್ರವಬ್ರೇಕಿನ ಮೊದಲ ದಿನಗಳಲ್ಲಿ ಕೊಳವೆಗೆ ತುಂಬುತ್ತಿದ್ದುದು ಮದ್ಯಸಾರದಿಂದ ತೆಳುಮಾಡಿದ ಹರಳೆಣ್ಣೆ. ರಬ್ಬರನ್ನು ಕೆಡಿಸದ ಗುಣ ಅದಕ್ಕಿತ್ತು. ಇಂದಿನ ಬ್ರೇಕ್ ಆಯಿಲು ಹೆಸರಿಗೆ ಆಯಿಲಾದರೂ ಎಣ್ಣೆಯೇ ಅಲ್ಲ; ಗ್ಲೈಕಾಲ್ ಜಾತಿಯ ರಾಸಾಯನಿಕ, ನೀರಿನಲ್ಲಿ ಕರಗತಕ್ಕದ್ದು. ಎಂಜಿನ್ ಆಯಿಲು, ಸ್ಟಿಯರಿಂಗ್ ಆಯಿಲು, ಸೀಮೆಎಣ್ಣೆ, ಪೆಟ್ರೋಲು ಇವುಗಳಲ್ಲಿ ಯಾವುದು ಸೋಂಕಿದರೂ ಬ್ರೇಕಿನ ರಬ್ಬರು ದಿನ ಕಳೆದಂತೆ ಊದುತ್ತದೆ. ನಮ್ಮ ಗ್ಯಾರೇಜುಗಳಲ್ಲಿ ಬಿಚ್ಚಿದ ಸಿಲಿಂಡರನ್ನು ಪೆಟ್ರೋಲಿನ ಬಟ್ಟಲಿನಲ್ಲಿ ಅದ್ದಿ ತೊಳೆದು, ಹೊಸ ಕಿಟ್ಟನ್ನು ಅದರೊಳಗೆ ತೊಡಿಸುವ ಅಭ್ಯಾಸವು ಎಷ್ಟು ಬೇರೂರಿದೆಯೆಂದರೆ, ಹೊಸ ಕಿಟ್ಟೇ ಕಳಪೆಯೆಂದು ಅಂಗಡಿಯವನನ್ನು ಬೈಯುವುದು ರೂಢಿಯಾಗಿದೆ. ತೊಳೆಯಬೇಕಾದುದು ಬ್ರೇಕ್ ಆಯಿಲಿನಿಂದಲೇ ಅಥವಾ ಸ್ಪಿರಿಟ್ಟಿನಿಂದ. ಸಂಶಯವಿದ್ದರೆ ಡಬ್ಬಿಯಿಂದ ಒಂದು ಚಮಚ ದ್ರವವನ್ನು ತೆಗೆದು ಗಾಜಿನ ಲೋಟದ ನೀರಿಗೆ ಬಿಡಬೇಕು. ಅಪ್ಪಟವಾದದ್ದು ಎಳೆಯೆಳೆಯಾಗಿ ಇಳಿದು ನೀರಿನೊಡನೆ ಒಂದಾಗುವುದು. ಬೇರೆ ಎಣ್ಣೆ ಬೆರೆತಿದ್ದರೆ ಮೇಲೆ ಬಣ್ಣಬಣ್ಣದ ಕಣ್ಣುಗಳು ತೇಲುತ್ತವೆ. ತೇಲಿದವೋ, ಒಂದು ಕಪ್ಪನ್ನು ಬದಲಿಸಿ ಫಲವಿಲ್ಲ. ಮಾಸ್ಟರಿನಿಂದ ಚಕ್ರದವರೆಗಿನ ರಬ್ಬರೆಲ್ಲವೂ ಹೋಗಬೇಕು.

ವಾಹನವು ಒಂದು ಪಕ್ಕಕ್ಕೆ ಎಳೆಯುವುದು ಮೇಲಿನವುಗಳ ಪರಿಣಾಮವೇ ಆದ್ದರಿಂದ ಅದಕ್ಕೆ ಬೇರೆ ವಿವರಣೆ ಬೇಡ. ಎಳೆಯುವ ಕಡೆಯ ಚಕ್ರವು ಸರಿಯಾಗಿದ್ದು, ಎದುರು ಕಡೆಯದೇ ಹಿಡಿಯದಿರುವುದು ಹೆಚ್ಚು ಸಂಭವವೆಂಬುದನ್ನು ನೆನಪಿಟ್ಟರೆ ಸಾಕು. ಎಬಿಎಸ್ ಇರುವ ಗಾಡಿಯಲ್ಲಿ ಒದ್ದೆ ರಸ್ತೆಯ ಮೇಲೆ ಗಕ್ಕನೆ ಮೆಟ್ಟಿದಾಗ ಪೆಡಲು ಕಾಲಿನಡಿ ಗುಡುಗುಡು ನಡುಗುವುದು ರೋಗವಲ್ಲ. ಯಂತ್ರವು ತನ್ನ ಕರ್ತವ್ಯವನ್ನು ಮಾಡುತ್ತಿದೆ.

ಉಳಿದದ್ದು ಘಾಟಿಯ ಮಾತು. ಆಗುಂಬೆಯ 14 ತಿರುವುಗಳನ್ನೋ, ಊಟಿಯಿಂದ ಮಸಿನಗುಡಿಗಿಳಿಯುವ ಕಲ್ಹಟ್ಟಿಯ 36 ತಿರುವುಗಳನ್ನೋ ಗೇರಿನ ಹಂಗಿಲ್ಲದೆ ಬರಿಯ ಬ್ರೇಕಿನಲ್ಲಿ ಇಳಿಯುವವನ ಚಕ್ರಗಳಲ್ಲಿ ಏನು ನಡೆಯುತ್ತದೆಂಬುದನ್ನು ಲೆಕ್ಕ ಹಾಕಬಹುದು. ಐದು ಜನರನ್ನು ಹೊತ್ತ, ಒಂದೂವರೆ ಟನ್ ತೂಕದ ಕಾರು 500 ಮೀಟರ್ ಎತ್ತರವನ್ನು ಇಳಿದರೆ, ಅದರ ಸ್ಥಾನಶಕ್ತಿಯು ಶಾಖವಾಗಿ ಮಾರ್ಪಟ್ಟಾಗ 20 ಲೀಟರಿಗೂ ಮಿಕ್ಕ ನೀರನ್ನು ಕುದಿಯುವ ಹದಕ್ಕೆ ತರಬಲ್ಲದು. ಗೇರು ಕೆಳಗಿದ್ದರೆ ಎಂಜಿನ್ನು ಅದರಲ್ಲಿ ದೊಡ್ಡ ಪಾಲನ್ನು ಹೀರಿಕೊಳ್ಳುವುದು. ಇಲ್ಲವಾದರೆ ಬಹುಪಾಲು ಡಿಸ್ಕು ಡ್ರಮ್ಮುಗಳ ಪಾಲಿಗೆ. ಆಗ ಬರತಕ್ಕ ವಿಪತ್ತು ಎರಡು ಬಗೆಯದು. ಪ್ಯಾಡು ಅತಿಯಾಗಿ ಕಾದು ಘರ್ಷಣಶಕ್ತಿಯನ್ನು ಕಳೆದುಕೊಂಡರೆ, ಪೆಡಲು ಎಂದಿನಂತೆ ಗಟ್ಟಿಯಾಗಿಯೇ ಇದ್ದು ವಾಹನ ನಿಲ್ಲದು. ಶಾಖವು ಪಿಸ್ಟನ್ನಿನ ಮೂಲಕ ದ್ರವಕ್ಕೆ ಹರಿದು ಅದು ಕುದಿದರೆ, ಕೊಳವೆಯಲ್ಲಿ ಆವಿ ತುಂಬಿ ಪೆಡಲು ಬರಿದಾಗಿ ನೆಲಕ್ಕೆ ಹೋಗುವುದು. ಡಾಟ್ 3 ಎಂಬ ದರ್ಜೆಯ ಹೊಸ ದ್ರವವು 205 ಡಿಗ್ರಿಯವರೆಗೆ ಕುದಿಯಬಾರದೆಂದು ನಿಯಮ. ಡಾಟ್ 4ಕ್ಕೆ 230. ಆದರೆ ಈ ದ್ರವವು ಗಾಳಿಯ ತೇವವನ್ನು ಹೀರುವ ಸ್ವಭಾವದ್ದು. ನೂರಕ್ಕೆ 3.7 ಪಾಲು ನೀರು ಸೇರಿದ ಮೇಲೆ ಅವುಗಳಿಂದ ನಿರೀಕ್ಷಿಸಬಹುದಾದ ಮಿತಿಯು ಕ್ರಮವಾಗಿ 140ಕ್ಕೂ 155ಕ್ಕೂ ಇಳಿಯುತ್ತದೆ. ಮಲೆನಾಡಿನಲ್ಲೋ ಕರಾವಳಿಯಲ್ಲೋ ನಾಲ್ಕಾರು ಮಳೆಗಾಲ ಕಂಡ ದ್ರವವನ್ನು ಬದಲಿಸದೆ ಘಾಟಿಗಿಳಿಯುವುದರ ಅರ್ಥ ಇದು.

ಇಳಿಯುತ್ತ ಇಳಿಯುತ್ತ ನಡುವೆ ನೋಟ ಚೆನ್ನಾಗಿದೆಯೆಂದು ನಿಲ್ಲಿಸಿ ಚಹಾ ಕುಡಿದು ಹೊರಟವರಿಗೂ ಪೆಡಲು ಬರಿದಾಗುವುದುಂಟು. ಓಡುವಾಗ ಬೀಸುತ್ತಿದ್ದ ಗಾಳಿ ನಿಂತು, ಡಿಸ್ಕಿನ ಶಾಖವೆಲ್ಲ ಮೆಲ್ಲಗೆ ಕ್ಯಾಲಿಪರಿನ ದ್ರವಕ್ಕೆ ಇಳಿಯುವುದು ಆ ಹತ್ತು ನಿಮಿಷಗಳಲ್ಲಿಯೇ. ಗಂಟೆಯೊಂದು ಕಳೆದರೆ ಆವಿಯು ಮತ್ತೆ ದ್ರವವಾಗಿ, ಪೆಡಲು ಏನೂ ಆಗಿರದಂತೆ ಮೇಲೆ ಬಂದು ನಿಲ್ಲುತ್ತದೆ. ಮರುದಿನ ಗ್ಯಾರೇಜಿನಲ್ಲಿ ಮೆಕ್ಯಾನಿಕನಿಗೆ ಯಾವ ದೋಷವೂ ಕಾಣಿಸುವುದಿಲ್ಲ. ಆಗ ಅವನು ಕೇಳಬೇಕಾದ ಪ್ರಶ್ನೆ ಒಂದೇ: ಗಾಡಿ ನಿಲ್ಲದೆ ಹೋದ ಆ ಗಳಿಗೆಯಲ್ಲಿ ಪೆಡಲು ಕಾಲಿಗೆ ಗಟ್ಟಿಯಾಗಿತ್ತೇ, ಇಲ್ಲ ಬರಿದಾಗಿತ್ತೇ? ಗಟ್ಟಿಯಾಗಿತ್ತೆಂದರೆ ಚಕ್ರ ಬಿಚ್ಚಿ ಪ್ಯಾಡನ್ನೂ ಲೈನರನ್ನೂ ನೋಡಬೇಕು. ಬರಿದಾಗಿತ್ತೆಂದರೆ ನಾಲ್ಕು ಚಕ್ರಗಳಿಂದಲೂ ಹಳೆಯ ದ್ರವವನ್ನು ಪೂರ್ತಿಯಾಗಿ ಹೊರಗೆಡಹಿ, ಮುಚ್ಚಳ ಒಡೆಯದ ಹೊಸ ಡಬ್ಬಿಯಿಂದ ತುಂಬಬೇಕು.